ಇಲ್ಲದ ಬಾಗಿಲಿಗೆ ತಲೆಬಾಗಿ

ನಮ್ಮ ಬೀದಿಗೆ ಆಗಾಗ ಸೈಕಲ್ಲಿನ ಹಿಂದೆ ಕ್ಯಾನು ಕಟ್ಟಿಕೊಂಡು ಫಿನಾಯಿಲ್ ಮಾರುವವನೊಬ್ಬ ಬರುತ್ತಾನೆ. ಜೆ.ಪಿ. ನಗರದಲ್ಲಿ ಈಗ ಉಪ್ಪಿನಿಂದ ಹಿಡಿದು ಕರ್ಪೂರದವರೆಗೆ ಎಲ್ಲವನ್ನೂ ಫೋನಿನಲ್ಲೇ ತರಿಸಿಕೊಳ್ಳಬಹುದು. ಆದರೂ ಅವನು ಬರುವುದನ್ನು ಬಿಟ್ಟಿಲ್ಲ, ನಾನು ಕೊಳ್ಳುವುದನ್ನು ಬಿಟ್ಟಿಲ್ಲ. ಅವನ ಬಿಳಿ ಫಿನಾಯಿಲಿಗೆ ಮಲ್ಲಿಗೆಯ ಪರಿಮಳ ಎಂದು ಅವನ ವಾದ. ಮಲ್ಲಿಗೆಗೆ ಗೊತ್ತಾದರೆ ಮಾನನಷ್ಟ ಮೊಕದ್ದಮೆ ಹೂಡೀತು, ಅಂಥ ವಾಸನೆ. ಇವತ್ತು ಬೆಳಿಗ್ಗೆ ಅದನ್ನೇ ಬಕೆಟ್ಟಿಗೆ ಸುರಿದುಕೊಂಡು ನಮ್ಮ ಹಾಲ್‌ ಒರೆಸುತ್ತಿದ್ದೆ. ಸಂಜೆ ಒಬ್ಬರು ಬರುವವರಿದ್ದರು. ಯಾರು, ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಒರೆಸುತ್ತ ಒರೆಸುತ್ತ ಹಿಂದಕ್ಕೆ ಸರಿದು ಬಂದವಳು ಹಾಲ್‌ನ ನಟ್ಟನಡುವೆ ತಟ್ಟನೆ ನಿಂತುಬಿಟ್ಟೆ. ಇಲ್ಲಿ ಗೋಡೆ ಇದೆ ಎಂದು ನನ್ನ ಬೆನ್ನಿಗೆ ಅನ್ನಿಸಿತು. ನಮ್ಮ ಹಾಲ್‌ನ ನಡುವೆ ಗೋಡೆ ಇಲ್ಲ, ಎಂದೂ ಇರಲಿಲ್ಲ. ಆ ವಾಸನೆ ಮಾಡಿದ ಕೆಲಸ ಅದು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ವರ್ಷಕ್ಕೊಂದು ಸ್ಕೂಲ್‌ ಡೇ, ಅದಕ್ಕೊಂದು ನಾಟಕ, ಅದನ್ನು ಮಾಡಿಸುವವಳು ನಾನು. ಒಂದು ಕ್ಲಾಸಿನ ಮಕ್ಕಳನ್ನು ಕಣ್ಸನ್ನೆಯಲ್ಲೇ ಕೂರಿಸಿ ಎಬ್ಬಿಸುವ ನಾನು ನಿರ್ದೇಶಕಿಯಾಗಲೆಂದೇ ಹುಟ್ಟಿದವಳು ಎಂಬ ಭ್ರಮೆ ನನಗೆ ಹೇಗೋ ಬಂದುಬಿಟ್ಟಿತ್ತು. ಹಾಗಿರುವಾಗ ನಮ್ಮ ಮನೆಗೆ ಹತ್ತಿರದ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಶನಿವಾರ, ಭಾನುವಾರ ಅಭಿನಯ ಮತ್ತು ನಿರ್ದೇಶನದ ಶಿಬಿರ ನಡೆಯುತ್ತದೆ, ಕೊನೆಯಲ್ಲಿ ಒಂದು ಪ್ರದರ್ಶನವೂ ಇರುತ್ತದೆ ಎಂದು ತಿಳಿದು ಸೇರಿಕೊಂಡೆ. ಕಲಿಯುವುದಕ್ಕಿಂತ ಹೆಚ್ಚಾಗಿ, ನನಗೆ ಎಷ್ಟು ಗೊತ್ತಿದೆ ಎಂಬುದನ್ನು ಅವರಿಗೆ ತಿಳಿಸುವುದೇ ಒಳಗಿನ ಉದ್ದೇಶವಾಗಿತ್ತು.

ಶಿಬಿರ ನಡೆಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಜೀವಮಾನವೆಲ್ಲ ನಾಟಕ ಮಾಡಿಸಿದವರು, ಮೆಲುದನಿಯ ಮನುಷ್ಯ, ಚಳಿಗಾಲದ ಸಂಜೆ ಮಂಕಿ ಕ್ಯಾಪ್‌ ಹಾಕಿಕೊಂಡೇ ಪಾಠ ಮಾಡುವವರು. ಮೊದಲ ದಿನ ರಸ, ಭಾವ ಎಂದೇನಾದರೂ ಹೇಳುತ್ತಾರೆಂದು ನಾನು ಪೆನ್ನು ಹಿಡಿದು ಕೂತಿದ್ದರೆ, ಅವರು ಎಲ್ಲರ ಕೈಗೂ ಒಂದೊಂದು ಒರೆಸುವ ಬಟ್ಟೆ ಕೊಟ್ಟರು. ಸಿನಿಮಾ ಹೀರೋ ಆಗಬೇಕೆಂದು ತೋಳು ಬೆಳೆಸಿಕೊಂಡು ಬಂದಿದ್ದ ಹುಡುಗರಿಂದ ಹಿಡಿದು ನನ್ನವರೆಗೆ ಎಲ್ಲರೂ ಮಂಡಿಯೂರಿ ಆ ಉದ್ದನೆಯ ಹಾಲ್‌ ಒರೆಸಿದೆವು. ಇದೇ ಫಿನಾಯಿಲ್‌, ಇದೇ ಸುಳ್ಳು ಮಲ್ಲಿಗೆ. ಪ್ರತಿ ದಿನದ ಪಾಠವೂ ಹಾಗೇ ಶುರುವಾಗುತ್ತಿತ್ತು.

ಒರೆಸಿದ ನೆಲ ಒಣಗಿದ ಮೇಲೆ ಅವರ ನಿಜವಾದ ಪಾಠ. ನೆಲದ ಮೇಲೆ ಏನೂ ಇಲ್ಲ. ಯಾರಾದರೊಬ್ಬರು ಎದ್ದು, ತಮಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯ ಬಾಗಿಲು ತೆರೆದು ಒಳಗೆ ಬರಬೇಕು. ಆ ಗಳಿಗೆಯಿಂದ ಅಲ್ಲಿ ಬಾಗಿಲು ಇದೆ. ಅವರು ಕೈಯಾಡಿಸಿ ತೋರಿಸಿದಲ್ಲಿ ಗೋಡೆ ಇದೆ. ಅವರಿಗೆ ಮಾತ್ರವಲ್ಲ, ಎಲ್ಲರಿಗೂ ಇದೆ, ಶಿಬಿರ ಮುಗಿಯುವ ತನಕ ಇದೆ. ಕಾಫಿ ಕುಡಿಯಲು ಹೋಗುವಾಗಲೂ, ಫೋನು ಬಂತೆಂದು ಓಡುವಾಗಲೂ ಆ ಬಾಗಿಲಲ್ಲೇ ಹೋಗಬೇಕು. ಮರೆತು ಅಡ್ಡ ಹಾದುಹೋದವರಿಗೆ ಮೇಷ್ಟ್ರು ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದರು: "ಗೋಡೆ ಇದೆ, ಬಾಗ್ಲಲ್ಲಿ ಬನ್ನಿ." ಈ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವಳು ನಾನೇ. ಇಲ್ಲದ ಎಕ್ಸ್‌ ಒಂದನ್ನು ಇದೆ ಎಂದುಕೊಳ್ಳಿ ಎಂದು ದಿನಬೆಳಗಾದರೆ ಮಕ್ಕಳ ಪ್ರಾಣ ತಿನ್ನುತ್ತಿದ್ದವಳಿಗೆ ಇಲ್ಲದ ಗೋಡೆಯೊಂದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಬಾಗಿಲು ತೆರೆದವಳು ಪದ್ಮಾ. ಸಾರಕ್ಕಿಯ ಹಳೇ ಊರಿನ ಮನೆತನದ ಸೊಸೆ, ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದ ನಡುವಯಸ್ಸಿನವಳು. ಅಲ್ಲಿಯವರೆಗೆ ಅವಳು ಬಾಯಿ ಬಿಟ್ಟಿದ್ದನ್ನು ನಾವು ಕಂಡಿರಲಿಲ್ಲ. ಅವತ್ತು ಎದ್ದು ಬಂದಳು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಗಾಳಿಯಲ್ಲಿ ಅಗುಳಿ ತೆಗೆದಳು, ತಲೆಯನ್ನು ಚೆನ್ನಾಗಿ ಬಗ್ಗಿಸಿ ಹೊಸ್ತಿಲು ದಾಟಿದಳು. ಒಳಗೆ ಬಂದ ಮೇಲೆ ಬಲಕ್ಕೆ ತಿರುಗಿ ಏನನ್ನೋ ಬಳಸಿಕೊಂಡು ನಡೆದಳು. ಅಷ್ಟೇ. ಯಾಕೆ ಅಷ್ಟು ಬಗ್ಗಿದಿರಿ ಎಂದು ಮೇಷ್ಟ್ರು ಕೇಳಿದರು. ಅದು ಮದುವೆಯಾಗಿ ತಾನು ಕಾಲಿಟ್ಟ ಮನೆ, ನಾಡಹೆಂಚಿನದು, ಬಗ್ಗದಿದ್ದರೆ ಹಣೆಗೆ ಹೊಡೆಯುತ್ತಿತ್ತು, ಬಲಕ್ಕೆ ನೆಲದಲ್ಲಿ ಹೂತ ಒರಳುಕಲ್ಲಿತ್ತು ಎಂದಳು. ಈಗ ಅದು ಇಲ್ಲ. ಅದನ್ನು ಕೆಡವಿ ಕೆಳಗೆ ಅಂಗಡಿ, ನಡುವೆ ಬಾಡಿಗೆ ಮನೆ, ಮೇಲೆ ತಾವು ಎಂದು ಕಟ್ಟಿಕೊಂಡಿದ್ದರು. ಹೀಗೆ ಸಾರಕ್ಕಿಯಲ್ಲಿ ಬಿದ್ದುಹೋದ ಮನೆ ನಮ್ಮ ಮಹಡಿಯ ಮೇಲೆ ಎದ್ದು ನಿಂತಿತು. ಆರಡಿಯ ಹುಡುಗರೂ ಕಾಫಿಗೆ ಹೋಗುವಾಗ ತಲೆ ಬಗ್ಗಿಸತೊಡಗಿದರು. ಒಮ್ಮೊಮ್ಮೆ ಕಾಫಿ ತರುತ್ತಿದ್ದ ಹೋಟೆಲಿನವರೂ ಬಗ್ಗುತ್ತಿದ್ದರು, ಯಾಕೆಂದು ಯಾರನ್ನೂ ಕೇಳಲಿಲ್ಲ.

ಕೊನೆಯ ಪ್ರದರ್ಶನಕ್ಕೆ ಪದ್ಮಾಳ ತುಣುಕನ್ನು ನಿರ್ದೇಶಿಸುವ ಭಾಗ್ಯ ನನ್ನದಾಯಿತು. ಆ ಮನೆಯಲ್ಲಿ ಸೊಸೆಯ ಒಂದು ಬೆಳಗು, ಅದೇ ವಸ್ತು. ಮಾರನೆಯ ವಾರವೇ ನಾನು ಸೀಮೆಸುಣ್ಣ, ಅಳತೆ ಟೇಪು ತಂದು ನೆಲದ ಮೇಲೆ ಗೋಡೆ, ಒಲೆ, ಒರಳು ಎಲ್ಲವನ್ನೂ ಚೊಕ್ಕವಾಗಿ ಬರೆದಿಟ್ಟೆ. ಮೇಷ್ಟ್ರು ಬಂದು ನೋಡಿದರು, ಒರೆಸುವ ಬಟ್ಟೆ ತೆಗೆದುಕೊಂಡರು, ತಾವೇ ಕೂತು ಅಳಿಸಿದರು. "ಗೆರೆ ನೋಡ್ಕೊಂಡು ನಡೆದ್ರೆ ಅದು ಮನೆ ಆಗಲ್ಲ ಮೇಡಂ, ಸೈಟಾಗುತ್ತೆ," ಎಂದರು. ನಾನು ಬರೆದುಕೊಂಡು ಹೋಗಿದ್ದ ಸಂಭಾಷಣೆಯೂ ಅದೇ ದಾರಿ ಹಿಡಿಯಿತು. ಉಳಿದದ್ದು ಪದ್ಮಾಳ ಕೈಕಾಲು ಮಾತ್ರ. ಕೊನೆಯಲ್ಲಾದರೂ ಅವಳು ಒಲೆಯ ಮುಂದೆ ಕೂತು ಒಂದು ಸಲ ಅಳಲಿ ಎಂದು ನಾನು ಹಟ ಹಿಡಿದೆ. "ಆ ಮನೇಲಿ ಅಳೋಕೆ ಜಾಗ ಇರ್ಲಿಲ್ಲ ಅಕ್ಕ," ಎಂದಳು. ಮೇಡಂ ಆಗಿದ್ದವಳು ಅವತ್ತಿನಿಂದ ಅಕ್ಕ ಆದೆ. ಆ ಬಡ್ತಿಗೆ ಪ್ರತಿಯಾಗಿ ಅಳುವನ್ನು ಬಿಟ್ಟುಕೊಟ್ಟೆ.

ಅವಳ ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಆ ತುಣುಕಿನಲ್ಲಿ ಅತ್ತೆಯೂ ಇದ್ದರು, ಆದರೆ ಪಾತ್ರಧಾರಿ ಇರಲಿಲ್ಲ. ಬಾಗಿಲಿನ ಎದುರು ಮೂಲೆಯಲ್ಲಿ ಅತ್ತೆ ಕೂತಿದ್ದಾರೆ ಎಂದುಕೊಂಡು ಪದ್ಮಾ ಆ ಖಾಲಿ ಮೂಲೆಗೆ ಕಾಫಿ ಕೊಡುತ್ತಿದ್ದಳು, ಕೊಡುವ ಮುನ್ನ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದಳು, ಅಲ್ಲಿಂದ ಏನೋ ಮಾತು ಬಂದಂತೆ ಕತ್ತು ತಗ್ಗಿಸುತ್ತಿದ್ದಳು. ನಿಜವಾದ ಅತ್ತೆ ಆ ಮನೆಯ ಸುಪ್ರೀಂ ಕೋರ್ಟು. ಪದ್ಮಾಳ ಗಂಡ ಸಾಧು ಮನುಷ್ಯ, ಅಮ್ಮ ಹೂಂ ಅಂದರೆ ಹೂಂ ಎನ್ನುವವರು. ಶಿಬಿರವೆಂದರೆ ಹೊಲಿಗೆ ಕ್ಲಾಸಿನ ಹಾಗೆ ಏನೋ ಒಂದು ಎಂದು ಅತ್ತೆ ಸುಮ್ಮನಿದ್ದರು. ಇಷ್ಟರಲ್ಲಿ ಮೇಷ್ಟ್ರು ತಮ್ಮ ತಂಡದ ದೊಡ್ಡ ನಾಟಕಕ್ಕೆ ಪದ್ಮಾ ಬೇಕು ಎಂದರು. ಅವಳು ಮನೆಯಲ್ಲಿ ಕೇಳಿದಳು. ಅತ್ತೆ ಬೈಯಲಿಲ್ಲ. ಶಿಬಿರದ ಪ್ರದರ್ಶನಕ್ಕೆ ತಾನೇ ಬಂದು ನೋಡುತ್ತೇನೆ, ಸರಿ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು ಎಂದರು. ಪದ್ಮಾ ಇದನ್ನು ನನಗೆ ಹೇಳುವಾಗ ಒರೆಸುವ ಬಟ್ಟೆಯನ್ನು ಹಿಂಡಿದ್ದನ್ನೇ ಹಿಂಡುತ್ತಿದ್ದಳು. ಇಪ್ಪತ್ತು ಚಿಲ್ಲರೆ ವರ್ಷ ಮನೆಯ ಎಲ್ಲರಿಗೂ ಬೇಕಾದದ್ದನ್ನು ಮಾಡಿದ್ದೇನೆ, ನನಗೇ ಬೇಕು ಅನ್ನಿಸಿದ್ದು ಇದೊಂದೇ ಎಂದಳು. ಆಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸೊಸೆ ತನ್ನನ್ನೇ ನಾಲ್ಕು ಜನರ ಮುಂದೆ ತಂದು ಮೂಲೆಯಲ್ಲಿ ಕೂರಿಸಿದ್ದಾಳೆ ಎಂದು ಗೊತ್ತಾದರೆ ಯಾವ ಅತ್ತೆಗೆ ಸರಿ ಕಂಡೀತು? ಆ ಮೂಲೆಯನ್ನು ತೆಗೆದುಬಿಡೋಣ ಎಂದೆ. ಪದ್ಮಾ ಒಪ್ಪಲಿಲ್ಲ. ಅತ್ತೆ ಇಲ್ಲದಿದ್ದರೆ ಅದು ಆ ಮನೆಯೇ ಅಲ್ಲ ಎಂದಳು.

ಪ್ರದರ್ಶನದ ಸಂಜೆ ಅತ್ತೆ ಬಂದರು. ಬಾಗಿದ ಬೆನ್ನು, ಕೈಯಲ್ಲಿ ಕೋಲು, ಕಾಲಲ್ಲಿ ಹವಾಯಿ ಚಪ್ಪಲಿ. ಮುಂದಿನ ಸಾಲಿನ ಪ್ಲಾಸ್ಟಿಕ್‌ ಕುರ್ಚಿಯಲ್ಲಿ ಕೂತು ಎರಡೂ ಕೈ ಕೋಲಿನ ಮೇಲಿಟ್ಟರು. ಪದ್ಮಾ ಅಗುಳಿ ತೆಗೆದು, ತಲೆ ಬಗ್ಗಿಸಿ, ಹೊಸ್ತಿಲು ದಾಟಿದಳು. ಒರಳು ಬಳಸಿದಳು. ಒಲೆ ಊದಿದಳು, ಹೊಗೆಗೆ ಕಣ್ಣು ಕಿರಿದು ಮಾಡಿದಳು. ಹಾಲಿಟ್ಟಳು. ಲೋಟದ ಅಂಚು ಒರೆಸಿ ಮೂಲೆಗೆ ಕಾಫಿ ಕೊಟ್ಟಳು. ನಾನು ನಾಟಕ ನೋಡಲಿಲ್ಲ, ಆ ಮುದುಕಿಯ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಕಾಣಲಿಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್‌ ಇನ್‌ಸ್ಪೆಕ್ಷನ್ನಿಗೆ ಬಂದಾಗಲೂ ಇಷ್ಟು ಹೆದರಿರಲಿಲ್ಲ.

ಮುಗಿಯಿತು, ಚಪ್ಪಾಳೆಯಾಯಿತು. ಪದ್ಮಾ ಒಲೆಯ ಮುಂದೆ ಕೂತೇ ಇದ್ದಳು. ಮೇಷ್ಟ್ರು ಏನೋ ಹೇಳಲು ಎದ್ದರು. ಅಷ್ಟರಲ್ಲಿ ಅತ್ತೆ ಕೋಲೂರಿ ಎದ್ದು ನಿಂತು, ಹಿಡಿಯಲು ಬಂದ ಮಗನ ಕೈ ಸರಿಸಿ, ಮುಂದೆ ನಡೆದರು. ಈಗ ಏನೋ ಅನಾಹುತವಾಗುತ್ತದೆ ಎಂದುಕೊಂಡು ನಾನು ಪಕ್ಕದಿಂದ ಅವರ ಕಡೆಗೆ ಓಡಿದೆ.

"ಯಾಕಮ್ಮ, ಗೋಡೆ ಕಾಣಲ್ವಾ?" ಎಂದರು ಅತ್ತೆ. "ಬಾಗ್ಲಲ್ಲಿ ಬಾ."

ನಿಂತಲ್ಲೇ ನಿಂತೆ. ಆ ಮುದುಕಿ ಒಂದು ದಿನವೂ ನಮ್ಮ ಪಾಠಕ್ಕೆ ಬಂದವರಲ್ಲ. ಅವರು ನನ್ನನ್ನು ಮತ್ತೆ ನೋಡಲೂ ಇಲ್ಲ. ಎಲ್ಲಿ ಪದ್ಮಾ ಅಗುಳಿ ತೆಗೆದಿದ್ದಳೋ ಅಲ್ಲಿಗೆ ಬಂದು ನಿಂತರು. ಚಪ್ಪಲಿ ಬಿಟ್ಟರು. ಆಗಲೇ ಬಾಗಿಹೋಗಿದ್ದ ಬೆನ್ನನ್ನು ಇನ್ನೂ ಬಾಗಿಸಿ, ತಲೆ ತಗ್ಗಿಸಿ, ಬಲಗಾಲನ್ನು ಎತ್ತಿ ಹೊಸ್ತಿಲಿನಾಚೆ ಇಟ್ಟರು. ಒರಳು ಬಳಸಿಕೊಂಡು, ಹೋಗುತ್ತ ಅದರ ಅಂಚನ್ನು ಕೈಯಿಂದ ಮುಟ್ಟಿ, ಒಲೆಯ ಹತ್ತಿರ ಹೋದರು. ಅತ್ತೆ ಒಲೆಯನ್ನು ನೋಡಿದರು.

"ಒಲೆ ಆರ್ಸಿದ್ಯಾ ಪದ್ಮಿ?"

"ಇಲ್ಲ ಅತ್ತೆ," ಎಂದಳು ಪದ್ಮಾ. "ಹಾಲಿಟ್ಟಿದೀನಿ."

"ಮತ್ತೆ ಇಲ್ಲಿ ಕೂತ್ಕೊಂಡು ಎತ್ಲಾಗೆ ನೋಡ್ತಿದೀಯ? ಉಕ್ಕುತ್ತೆ, ನೋಡ್ಕೊ."

ಇಷ್ಟೇ ಹೇಳಿ, ಬಂದ ಹಾಗೆಯೇ ಒರಳು ಬಳಸಿ, ಬಾಗಿಲಲ್ಲಿ ಬಗ್ಗಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಮೈ ಜುಮ್ಮೆಂದಿತು. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೂ ಹಾಗೆ ಆದದ್ದು ನೆನಪಿಲ್ಲ. ಇಟ್ಟಿಗೆಯಿಲ್ಲ, ಗಾರೆಯಿಲ್ಲ, ಬರೀ ಒರೆಸಿದ ನೆಲ. ಅದರ ಮೇಲೆ ಒಬ್ಬ ಹೆಂಗಸು ಕೈಯಾಡಿಸಿ ನಿಲ್ಲಿಸಿದ ಮನೆಯೊಳಕ್ಕೆ, ಆ ಮನೆಯನ್ನು ಜೀವಮಾನವಿಡೀ ಆಳಿದವರೇ ಬಂದು ಹೋಗಿದ್ದರು. ಮೇಷ್ಟ್ರು ಮಂಕಿ ಕ್ಯಾಪ್‌ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾಟಕದವರ ಮುಖದಲ್ಲಿ ಅಂಥ ಬೆರಗನ್ನು ನಾನು ಮತ್ತೆ ನೋಡಿಲ್ಲ.

ಸರಿ ಕಂಡಿತೋ ಇಲ್ಲವೋ ಎಂದು ಅತ್ತೆ ಕೊನೆಗೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಶನಿವಾರ ಪದ್ಮಾ ಮೇಷ್ಟ್ರ ನಾಟಕದ ತಾಲೀಮಿಗೆ ಹೋಗಲೋ ಬೇಡವೋ ಎಂದು ಅಡುಗೆಮನೆಯಲ್ಲಿ ಒದ್ದಾಡುತ್ತಿದ್ದರೆ, ಅತ್ತೆ ಸಂಜೆಯ ಸಾರು ಆಗಿದೆ, ಬಸ್ಸು ತಪ್ಪೀತು ಎಂದರಂತೆ. ಅಲ್ಲಿಂದ ಪದ್ಮಾ ಒಂದಾದ ಮೇಲೊಂದು ನಾಟಕ ಮಾಡಿದಳು. ಅವಳ ಎಲ್ಲ ನಾಟಕದಲ್ಲೂ ಮುಂದಿನ ಸಾಲಿನಲ್ಲಿ ಒಂದು ಕೋಲು ಇರುತ್ತಿತ್ತು. ನಾನೋ, ಕಪ್ಪುಹಲಗೆಗೆ ವಾಪಸಾದೆ. ನಿರ್ದೇಶನವೆಂದರೆ ಏನು ಎಂಬುದನ್ನು ಕಣ್ಣಾರೆ ಕಂಡವಳಿಗೆ ತಾನೂ ಅದನ್ನು ಮಾಡುತ್ತೇನೆ ಎನ್ನಲು ಧೈರ್ಯ ಸಾಲಲಿಲ್ಲ. ಆಮೇಲೆ ರಿಟೈರೂ ಆದೆ.

ಹೋದ ವರ್ಷ ಅತ್ತೆ ತೀರಿಕೊಂಡರು. ಆಮೇಲೆ ಪದ್ಮಾ ರಂಗ ಹತ್ತಿಲ್ಲ. ಮೇಷ್ಟ್ರು ಕರೆದರೂ ಹೋಗಲಿಲ್ಲ. ಮುಂದಿನ ಸಾಲು ನೋಡಲು ಆಗುವುದಿಲ್ಲ ಎಂದಿದ್ದಳು. ಕಳೆದ ವಾರ ತಾನಾಗಿ ಫೋನು ಮಾಡಿದಳು. ಒಬ್ಬಳೇ ಆಡುವ ಒಂದು ನಾಟಕ ಮನಸ್ಸಿನಲ್ಲಿದೆ, ಬರುತ್ತದೋ ಇಲ್ಲವೋ ಗೊತ್ತಿಲ್ಲ, ನೀವೇ ಮಾಡಿಸಬೇಕು ಎಂದಳು. ನನಗೆ ಬರುವುದಿಲ್ಲ ಎಂದು ಹೇಳಬೇಕಾದವಳು, ಶನಿವಾರ ಸಂಜೆ ನಮ್ಮ ಮನೆಗೇ ಬಾ ಎಂದುಬಿಟ್ಟೆ. ಬೆಳಿಗ್ಗೆ ನೆಲ ಒರೆಸಿದ್ದು ಅದಕ್ಕೆ.

ಸೋಫಾ, ಟೀಪಾಯಿ ಎಲ್ಲವನ್ನೂ ಬಾಲ್ಕನಿಗೆ ತಳ್ಳಿದ್ದೆ. ಪದ್ಮಾ ಬಂದಳು. ಕೂದಲು ಬೆಳ್ಳಗಾಗಿತ್ತು. ಹಾಲ್‌ನ ವಾಸನೆ ಹೀರಿ ಒಮ್ಮೆ ನಕ್ಕಳು, ಆಮೇಲೆ ನಗು ಹೋಯಿತು. ಖಾಲಿ ನೆಲದ ಒಂದು ಬದಿಯಲ್ಲಿ ಇಬ್ಬರೂ ನಿಂತೆವು. ಈ ಸಲ ನನ್ನ ಕೈಯಲ್ಲಿ ಸೀಮೆಸುಣ್ಣವಿರಲಿಲ್ಲ. ಅವಳು ಇನ್ನೂ ಸೆರಗು ಸಿಕ್ಕಿಸಿಕೊಂಡಿರಲಿಲ್ಲ. ಬೇಡವೆಂದರೆ ಕಾಫಿ ಕುಡಿದು ಹೋಗು, ನಾನೇನೂ ಅಂದುಕೊಳ್ಳುವುದಿಲ್ಲ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬಾಗಿಲು ಎಲ್ಲಿ ಪದ್ಮಾ?" ಎಂದೆ.

ಅವಳು ಬೆರಳು ಮಾಡಿ ತೋರಿಸಿದಳು.

"ಅಲ್ಲಿ, ಅಕ್ಕ. ಅತ್ತೆ ಚಪ್ಪಲಿ ಇದೆಯಲ್ಲ, ಅಲ್ಲೇ."

ಅವಳು ಸೆರಗು ಸಿಕ್ಕಿಸಿಕೊಂಡು, ಅಗುಳಿ ತೆಗೆದು ಒಳಗೆ ಹೋದಳು. ಆ ಚಪ್ಪಲಿಗಳನ್ನು ತುಳಿಯದ ಹಾಗೆ ಪಕ್ಕಕ್ಕೆ ಕಾಲಿಟ್ಟು, ತಲೆ ಬಗ್ಗಿಸಿ, ಅವಳ ಹಿಂದೆ ನಾನೂ ಬಾಗಿಲಲ್ಲೇ ಹೋದೆ.