ನೊರೆಯ ಮೇಲೆ ಬರೆದ ಅಕ್ಷರ

ನಾರಾಯಣಮ್ಮನವರ ಧ್ವನಿ ಅವರಿಗಿಂತ ಮೊದಲೇ ನಮ್ಮ ಕಾರ್ಖಾನೆಯ ಗೇಟನ್ನು ದಾಟಿ ಒಳಗೆ ಬರುತ್ತಿತ್ತು. ಅವರು ಹುಟ್ಟಿ ಬೆಳೆದದ್ದು ಜಕ್ಕೂರಿನ ಹಳೆಯ ಊರಿನೊಳಗೆ. ತಲೆಯ ಮೇಲೆ ತರಬೇತಿಯ ವಿಮಾನಗಳು ಸುತ್ತುತ್ತಿರುವಾಗಲೂ ಹಿತ್ತಲಿನಿಂದ ಬೀದಿಗೆ ಮಾತು ಮುಟ್ಟಿಸಬೇಕಾಗಿದ್ದ ಆ ಮನೆಯ ಗಂಟಲು ಹಾಗೆಯೇ ಉಳಿದುಬಿಟ್ಟಿತ್ತು. ಆದರೆ ಯಲಹಂಕದ ನಮ್ಮ ಕೇಕ್ ಕಾರ್ಖಾನೆಯ ನೊರೆಕೋಣೆಗೆ, ಎಂದರೆ ಮೊಟ್ಟೆ ಸಕ್ಕರೆಗಳನ್ನು ಕಡೆದು ನೊರೆ ಎಬ್ಬಿಸಿ ಅದಕ್ಕೆ ಮೈದಾ ಬೆರೆಸುವ ಕೋಣೆಗೆ, ಕಾಲಿಟ್ಟ ಕ್ಷಣವೇ ಆ ಧ್ವನಿ ಪಿಸುಮಾತಾಗುತ್ತಿತ್ತು. ಭಾರವಾದ ಆ ದೇಹ ತುದಿಗಾಲಲ್ಲಿ ನಡೆಯುತ್ತಿತ್ತು. ಯಾರಾದರೂ ಬಾಗಿಲನ್ನು ಧಡಾರೆಂದು ಹಾಕಿದರೆ, ತೊಟ್ಟಿಲಿನ ಮಗುವನ್ನು ಎಬ್ಬಿಸಿದವರ ಮೇಲೆ ಬೀಳುವಂಥ ನೋಟ ಅವರಿಂದ ಬರುತ್ತಿತ್ತು. ಸದ್ದಾದರೆ ನೊರೆ ಇಳಿದುಹೋಗುತ್ತದೆಂಬುದು ಅವರ ನಂಬಿಕೆ.

ಆಹಾರ ತಂತ್ರಜ್ಞಾನದ ಪದವಿ ಪಡೆದು ನಾನು ಆ ಕೋಣೆಗೆ ತರಬೇತಿಗೆಂದು ಬಂದೆ. ಅಬ್ಬಿಗೆರೆಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ತಪ್ಪಾಡಿಬಿಟ್ಟೇನೆಂಬ ಭಯಕ್ಕೆ, ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಕಟ್ಟಿ, ತಿದ್ದಿ, ಅನಂತರವೇ ಹೊರಗೆ ಬಿಡುವುದು ನನ್ನ ಅಭ್ಯಾಸವಾಗಿತ್ತು. ಮೊದಲ ದಿನ ಅವರ ಬಳಿಗೆ ಹೋಗಿ, "ನಾರಾಯಣಮ್ಮನವರೇ, ತಮ್ಮಲ್ಲಿ ಒಂದು ಸಂದೇಹವನ್ನು ಕೇಳಬಹುದೇ?" ಎಂದೆ.

ಅವರು ಸುತ್ತಲಿದ್ದ ಹೆಂಗಸರ ಕಡೆಗೆ ತಿರುಗಿದರು. "ಕೇಳಿಸ್ಕೊಂಡ್ರೇನ್ರೇ? ಎಷ್ಟು ಚೆಂದಾಗಿ ಮಾತಾಡ್ತದೆ ಈ ಹುಡ್ಗಿ!" ಆಮೇಲೆ ನನ್ನ ಕಡೆಗೆ ಬಾಗಿ, "ನೋಡಮ್ಮಾ ಡಿಗ್ರಿ, ನೀನು ಅಷ್ಟುದ್ದ ಕರೆಯೋ ವೊತ್ಗೆ ಇಲ್ಲಿ ನೊರೆ ಬಿದ್ದೋಗಿರ್ತದೆ. ಅಕ್ಕ ಅನ್ನು, ಸಾಕು. ನೊರೆ ಯಾರ್ಗೂ ಕಾಯಲ್ಲ" ಎಂದರು.

ಅಂದಿನಿಂದ ನನ್ನ ಹೆಸರು ಡಿಗ್ರಿ ಎಂದೇ ಆಯಿತು. ಅವರನ್ನು ಅಕ್ಕ ಎನ್ನುವುದಕ್ಕೆ ಮಾತ್ರ ನನ್ನ ನಾಲಿಗೆ ಬಹಳ ದಿನ ಒಪ್ಪಲಿಲ್ಲ.

ನೊರೆಯನ್ನು ಪರೀಕ್ಷಿಸಲು ಅವರದೇ ಒಂದು ಕ್ರಮವಿತ್ತು. ಸೌಟನ್ನು ಅದ್ದಿ ಮೇಲೆತ್ತಿ, ಅದರಿಂದ ಇಳಿಯುವ ಎಳೆಯಲ್ಲಿ ನೊರೆಯ ಮೇಲೆಯೇ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಬರೆಯುತ್ತಿದ್ದರು. 'ನಾ' ಎಂಬುದು ಕೂಡಲೇ ಮುಳುಗಿದರೆ ಇನ್ನೂ ಕಡೆಯಬೇಕು. ನಿಂತರೆ ಮೈದಾ ಸುರಿಯಬಹುದು. "ನನ್ನೆಸ್ರನ್ನೇ ಮುಳುಗಿಸ್ತೀಯಾ?" ಎಂದು ಅವರು ನೊರೆಯನ್ನು ಗದರುವುದಿತ್ತು, ಅದೂ ಪಿಸುಮಾತಿನಲ್ಲಿ. ಬನ್ನಿನ ಹಿಟ್ಟನ್ನು ಜಗ್ಗಿದಾಗ ಅದು ಬಿರುಸಾಗಿ ಹಿಂದಕ್ಕೆ ಸೆಳೆದುಕೊಂಡರೆ, "ಇದ್ಕೆ ಕ್ವಾಪ ಬಂದದೆ. ಬಟ್ಟೆ ಒದ್ಸಿ ಬಿಟ್ಬಿಡ್ರೇ, ಒಸಿ ಮಲಗ್ಲಿ" ಎನ್ನುತ್ತಿದ್ದರು. ಆ ಬಿರುಸಿಗೆ ಗ್ಲುಟೆನ್ ಎಂಬ ಅಂಶ ಕಾರಣವೆಂದು ನಾನು ಒಮ್ಮೆ ವಿವರಿಸಿದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ಬೆಳಗ್ಗೆಯೇ ಮಾಲೀಕರ ಕೋಣೆಯಿಂದ ಹೊರಬಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟರು: "ಯಾರೂ ಒಳಗೋಗ್ಬೇಡಿ. ಸಾಹೇಬ್ರಿಗೆ ಇವತ್ತು ಗ್ಲುಟೆನ್ ಏರ್ಬಿಟ್ಟದೆ!"

ನೊರೆಗೆ ಮೈದಾ ಬೆರೆಸುವುದು ಅಲ್ಲಿಯವರೆಗೆ ಕೈಕೆಲಸವೇ ಆಗಿತ್ತು. ಮೊಳಕೈವರೆಗೆ ಕೈಗವಸು ತೊಟ್ಟ ಹೆಂಗಸರು ಅಗಲವಾದ ಪಾತ್ರೆಗಳಲ್ಲಿ ತಳದಿಂದ ಮೇಲಕ್ಕೆ ಮೆಲ್ಲಗೆ ಮಗುಚುತ್ತಿದ್ದರು. ಅದನ್ನೇ ಬಾಗಿದ ಅಲಗುಗಳಿಂದ ಮಾಡುವ ದೊಡ್ಡ ಯಂತ್ರವೊಂದು ಬಂದಿತು. ಬಾಗಲೂರಿನ ಕಡೆ ವಿಮಾನಗಳಿಗೆ ಊಟ ತಿಂಡಿ ಸಿದ್ಧಪಡಿಸುವ ಅಡುಗೆಮನೆಯೊಂದರವರು ಅದರ ಕೆಲಸ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಹೊಸ ಪಾಳಿ ತೆರೆಯುತ್ತದೆ, ನನ್ನ ಕೆಲಸವೂ ಖಾಯಂ ಆಗುತ್ತದೆ. ಒಪ್ಪದಿದ್ದರೆ ಯಂತ್ರದ ಜೊತೆಗೆ ನಾನೂ ಹೊರಗೆ ಎಂದು ಮಾಲೀಕರು ನಗುನಗುತ್ತಲೇ ಹೇಳಿದ್ದರು. ನನಗೆ ನಗು ಬಂದಿರಲಿಲ್ಲ.

ಅವರು ಬರುವ ಹಿಂದಿನ ದಿನದ ತಾಲೀಮು ಸೊಗಸಾಗಿ ನಡೆದಿತ್ತು. ಬರುವ ದಿನ ಬೆಳಗ್ಗೆ ಮಾತ್ರ ವಿದ್ಯುತ್ ಕೈಕೊಟ್ಟು, ಎಲೆಕ್ಟ್ರಿಷಿಯನ್ ತರಾತುರಿಯಲ್ಲಿ ಯಂತ್ರದ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಿದ್ದ. ಅತಿಥಿಗಳು ಬಂದರು. ನಾರಾಯಣಮ್ಮನವರು ಯಂತ್ರದ ಪಕ್ಕದ ಎತ್ತರದ ಕಟ್ಟೆಯ ಮೇಲೆ ನಿಂತು 'ನಾ' ಬರೆದರು. ಅಕ್ಷರ ನಿಂತಿತು. ಯಂತ್ರ ಚಾಲೂ ಮಾಡಿ ಮೈದಾ ಜರಡಿ ಹಿಡಿಯತೊಡಗಿದರು. ಅವರ ಮುಂದೆ ಬಿಳಿಯ ಧೂಳು ಕವಿದಿತ್ತು. ಒಳಗೇನಾಗುತ್ತಿದೆಯೆಂಬುದು ಯಂತ್ರದ ಬದಿಯ ಗಾಜಿನ ಕಿಂಡಿಯ ಬಳಿ ನಿಂತಿದ್ದ ನನಗೊಬ್ಬಳಿಗೇ ಕಾಣುತ್ತಿತ್ತು.

ಅಲಗುಗಳು ತಿರುಗುಮುರುಗಾಗಿ ಸುತ್ತುತ್ತಿದ್ದವು! ತಳದಿಂದ ಮೇಲಕ್ಕೆ ಎತ್ತಬೇಕಾದವು ಮೇಲಿನಿಂದ ಕೆಳಕ್ಕೆ ಅದುಮುತ್ತಿದ್ದವು. ನೊರೆಯ ಗುಳ್ಳೆಗಳು ಒಡೆಯುತ್ತಿದ್ದುದನ್ನು ಕಣ್ಣಾರೆ ಕಂಡೆ. "ಕ್ಷಮಿಸಿ, ಅಲಗುಗಳು ಸುತ್ತುವ ದಿಕ್ಕಿನಲ್ಲಿ ಏನೋ ವ್ಯತ್ಯಾಸ" ಎಂದು ಮನಸ್ಸು ವಾಕ್ಯ ಕಟ್ಟತೊಡಗಿತು. ಮಾಲೀಕರಿದ್ದರು, ಹೊರಗಿನವರಿದ್ದರು, ನನ್ನ ಕಣ್ಣೇ ತಪ್ಪಿದ್ದರೆ? ಅಷ್ಟರಲ್ಲಿ ನೊರೆ ಒಂದು ಬೆರಳಿನಷ್ಟು ಕೆಳಗಿಳಿದಿತ್ತು.

"ಅಕ್ಕಾ, ನಿಲ್ಸೂ!"

ಯಾರೂ ದನಿ ಎತ್ತದ ಆ ಕೋಣೆಯಲ್ಲಿ ನನ್ನ ಕೂಗು ಗೋಡೆಗೆ ಬಡಿದು ಹಿಂದಿರುಗಿತು. ಅವರು ಏಕೆಂದು ಕೇಳಲಿಲ್ಲ. ಕೆಂಪು ಗುಂಡಿಯನ್ನು ಅಂಗೈಯಿಂದ ಬಡಿದರು.

"ಏನ್ರೀ ಇದು, ಅತಿಥಿಗಳ ಮುಂದೆ!" ಎಂದರು ಮಾಲೀಕರು.

"ಇರಿ ಸಾರ್, ಅವ್ಳಿಗೆ ಏನೋ ಕಂಡದೆ. ಏನಮ್ಮಾ?"

"ಉಲ್ಟಾ ತಿರುಗ್ತಿದೆ ಅಕ್ಕಾ."

ಅವರು ಇಣುಕಿ ನೋಡಿದರು. ಮರುಕ್ಷಣವೇ ಕೈಗವಸು ಎಳೆದುಕೊಂಡರು. "ಕರೆಂಟಿನ ಹುಡ್ಗನ್ನ ಕರೀರಿ, ತಂತಿ ಅದ್ಲುಬದ್ಲು ಮಾಡವ್ನೆ! ಬರ್ರೇ ಎಲ್ರೂ, ಕೈ ಹಾಕಿ! ಮೆಲ್ಲಗೆ, ಮೆಲ್ಲಗೆ! ಡಿಗ್ರಿ, ನೀನೂ ಬಾ!" ಹೆಂಗಸರೆಲ್ಲ ಯಂತ್ರದ ತೊಟ್ಟಿಗೆ ಮುತ್ತಿಕೊಂಡೆವು. ನನ್ನ ತೋಳಿನಡಿ ನೊರೆ ತಣ್ಣಗೆ, ಹತ್ತಿಗಿಂತ ಹಗುರವಾಗಿ ಮಗುಚಿಕೊಳ್ಳುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಅದು ಎಲ್ಲಿ ಇಳಿದುಹೋಗುವುದೋ ಎನಿಸಿತು. ಅತಿಥಿಗಳು ತಮಗೆ ತಿಳಿಯದಂತೆಯೇ ಹತ್ತಿರಕ್ಕೆ ಬಂದು ತೊಟ್ಟಿಯೊಳಗೆ ಇಣುಕುತ್ತಿದ್ದರು. ಆ ಹಿಟ್ಟು ಒಲೆಗೆ ಹೋಯಿತು. ತಂತಿ ಸರಿಯಾದ ಮೇಲೆ ಎರಡನೆಯ ಸರದಿಯನ್ನು ಯಂತ್ರವೇ ಬೆರೆಸಿತು, ಹೂವನ್ನೆತ್ತಿದಷ್ಟು ನಾಜೂಕಾಗಿ.

ಎರಡು ಕೇಕುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟೆವು. ಬಂದವರಲ್ಲಿ ಹಿರಿಯರೊಬ್ಬರು ಒಂದೊಂದನ್ನೂ ಬೆರಳಿನಿಂದ ಒತ್ತಿದರು. ಎರಡೂ ಮೆತ್ತಗೆ ತಗ್ಗಿ, ಪುಟಿದು ಮೇಲೆದ್ದವು. ವ್ಯತ್ಯಾಸ ತಿಳಿಯುತ್ತಿಲ್ಲ ಎಂದು ಅವರು ನಕ್ಕರು.

"ಎಡಗಡೇದು ನಮ್ಮ ಕೈದು ಸಾರ್," ಎಂದರು ನಾರಾಯಣಮ್ಮನವರು. "ಒಸಿ ಚೆಂದಾಗದೆ, ಅಲ್ವಾ?"

ಹೊಸ ಪಾಳಿ ತೆರೆಯಿತು, ನಾನು ಉಳಿದೆ. ಅದಾದ ಮೇಲೆ ಅವರು ನನ್ನನ್ನು ಪರಿಚಯಿಸುತ್ತಿದ್ದುದೇ, "ಇವ್ಳು ಕಣ್ರೀ, ನೊರೆ ಮುಂದೆ ಕಿರ್ಚಿ ನೊರೆ ಉಳಿಸ್ದವ್ಳು!" ಎಂದು.

ಕಳೆದ ವರ್ಷ ಅವರು ನಿವೃತ್ತರಾದರು. ಕೆಲಸದ ಹೊತ್ತಿನಲ್ಲಿ ತೆಗೆದಿಡುತ್ತಿದ್ದ ಹಸಿರು ಬಳೆಗಳನ್ನು ಕೊನೆಯ ದಿನವೂ ಗೇಟಿನ ಬಳಿ ನಿಂತು ಒಂದೊಂದಾಗಿ ತೊಟ್ಟುಕೊಂಡರು. "ನಾಳೆಯಿಂದ ಮುದ್ದೆ ತಿರುವೋದೊಂದೇ ಕೆಲ್ಸ. ಎಷ್ಟು ಬೇಕಾದ್ರೂ ಗುದ್ದಬೌದು!" ಎಂದು ನಕ್ಕರು. ಅವರಿಗೆ ಹೇಳಬೇಕೆಂದು ನಾನೊಂದು ವಾಕ್ಯವನ್ನು ವಾರದಿಂದ ಕಟ್ಟಿ, ತಿದ್ದಿ ಇಟ್ಟುಕೊಂಡಿದ್ದೆ. "ಅಕ್ಕಾ, ನನ್ನ ಬದುಕಿನಲ್ಲಿ ತಾವು" ಎಂದು ಆರಂಭಿಸಿದೆ.

ಒಳಗಿನಿಂದ ಯಾರೋ ಕೂಗಿದರು: "ಮೇಡಂ, ನೊರೆ ಬಂತು!"

"ನಿಂತ್ಕೊಂಡೇ ಇದ್ದೀಯಲ್ಲಮ್ಮಾ, ಓಡು!" ಎಂದು ಅವರು ನನ್ನ ಬೆನ್ನು ತಟ್ಟಿ ನೂಕಿದರು. ನಾನು ಓಡಿದೆ.

ಮರಳಿ ಬರುವಷ್ಟರಲ್ಲಿ ಗೇಟು ಖಾಲಿಯಾಗಿತ್ತು. ನನ್ನ ವಾಕ್ಯ ಅರ್ಧಕ್ಕೇ ನಿಂತಿದೆ. ಅಂದು ಸೌಟನ್ನು ಎತ್ತಿದವಳು ನಾನೇ. ನೊರೆಯ ಮೇಲೆ ಬರೆದ 'ನಾ' ಬಹಳ ಹೊತ್ತು ಮುಳುಗದೆ ನಿಂತಿತ್ತು.