ಕತ್ತರಿ ಅಕ್ಕನ ಮೂವತ್ತನಾಲ್ಕು ಚೀಲ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಕತ್ತರಿ ಅಕ್ಕ ಅನ್ನುತ್ತಿದ್ದರು. ಬಟ್ಟೆ ಹೊಲಿಯುತ್ತಿದ್ದಳಲ್ಲ, ಅದಕ್ಕೆ ಆ ಹೆಸರು ಅಂತ ಹೊಸಬರು ತಿಳಿದುಕೊಳ್ಳುತ್ತಿದ್ದರು. ಒಂದು ಸಲ ಅಳತೆ ಕೊಟ್ಟು ಹೋದರೆ ಸಾಕು, ಹೆಸರು ಬಂದದ್ದು ನಾಲಿಗೆಯಿಂದ ಅಂತ ಗೊತ್ತಾಗುತ್ತಿತ್ತು. "ಸೊಂಟ ಎಲ್ಲಿದೆ ಅಂತ ನೀವೇ ತೋರಿಸಿಬಿಡಿ, ನನಗೆ ಸಿಗ್ತಾ ಇಲ್ಲ" ಅಂತ ಬೇಕರಿಯವನ ಹೆಂಡತಿಗೆ ಮುಖದ ಮೇಲೇ ಅಂದವಳು. ಅದೂ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು.

ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಬಂದವರ ಅಳತೆ ಎಲ್ಲಾ ತಗೊಂಡೆ, ಒಂದೂ ಸರಿ ಹೊಂದಲಿಲ್ಲ" ಅನ್ನುತ್ತಿದ್ದಳು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತು. ಆಗಲೇ ಮುಂದಿನ ಕೋಣೆ ಅವಳದು. ಕಾಲಿನಿಂದ ತುಳಿಯುವ ಮೆಷಿನ್ನು, ಬಾಗಿಲಿನಷ್ಟು ಉದ್ದದ ಕತ್ತರಿಸುವ ಮೇಜು, ಬಟ್ಟೆ ಹಾಕಿ ನೋಡುವವರಿಗೆ ಮೂಲೆಯಲ್ಲೊಂದು ಪರದೆ. ಗೋಡೆಗೆ ನಮ್ಮ ಮಾವನವರ ಕಾಲದ ಹಲಗೆ: "ಗೇಣಿಗಿಂತ ದೊಡ್ಡ ತುಂಡು ಗಿರಾಕಿಗೆ. ಚಿಕ್ಕದು ಟೈಲರಿಗೆ." ಮಾವನವರು ಸತ್ಯವಂತರು. ಮಗಳೂ ಸತ್ಯವಂತಳೇ, ಆದರೆ ಅವಳ ಬೆರಳು ಬಲು ಉದ್ದ. ಅವಳು ಗೇಣು ಹಾಕಿದರೆ ನಮ್ಮಂಥವರ ಒಂದೂವರೆ ಗೇಣು.

ಮೂವತ್ತೆಂಟನೇ ವಯಸ್ಸಿನಲ್ಲಿ ಅವಳಿಗೆ ಆ ಹುಚ್ಚು ಹತ್ತಿತು. ಗುರುತು ಹಾಕುವ ಸೀಮೆಸುಣ್ಣ ತರಲು ಹೋದವಳು, ಆ ಅಂಗಡಿ ಮುಚ್ಚಿತ್ತು ಅಂತ ಪಕ್ಕದ ಬೊಂಬೆ ಅಂಗಡಿಗೆ ನುಗ್ಗಿದಳು. ಬರುವಾಗ ಸೀಮೆಸುಣ್ಣ ಇಲ್ಲ, ಕಂಕುಳಲ್ಲಿ ಒಂದು ಚಪ್ಪಟೆ ಡಬ್ಬಿ. ರೈಲು ಹಳಿ ಹಾಕುವ ಆಟ. ಬೋರ್ಡಿನ ತುಂಬ ಊರುಗಳು, ಮರದ ಪುಟ್ಟ ಪುಟ್ಟ ರೈಲು. "ಅತ್ತಿಗೆ, ಒಲೆ ಆರಿಸಿ ಬನ್ನಿ" ಅಂದಳು. ಹನ್ನೆರಡನೇ ವಯಸ್ಸಿನಿಂದ ಮೆಷಿನ್ನು ತುಳಿದವಳು, ಬೀದಿಯ ಮಕ್ಕಳು ಆಡುವುದನ್ನು ಕಿಟಕಿಯಿಂದ ನೋಡಿದ್ದೇ ಹೊರತು ಆಡಿದ್ದಿಲ್ಲ. ಪಾಪ ಅಂತ ಕೂತೆ. ಪಾಪ ಅಂದವಳನ್ನು ಅರ್ಧ ಗಂಟೆಯಲ್ಲಿ ಸೋಲಿಸಿ, "ನಿಮ್ಮ ರೈಲು ಇನ್ನೂ ಸ್ಟೇಷನ್ನಿನಲ್ಲೇ ನಿದ್ದೆ ಮಾಡ್ತಿದೆ" ಅಂದಳು.

ಆಮೇಲೆ ಪ್ರತಿ ಶನಿವಾರ ಹೊಲಿದ ಬಟ್ಟೆ ಮನೆಮನೆಗೆ ಕೊಟ್ಟು ಬರುವ ದಾರಿಯಲ್ಲಿ ಬೊಂಬೆ ಅಂಗಡಿ. ಅಲ್ಲಿನ ಮುದುಕನಿಗೆ ಇವಳನ್ನು ಕಂಡರೆ ಖುಷಿಯೂ ಹೌದು, ನಡುಕವೂ ಹೌದು. ಡಬ್ಬಿ ಬಿಚ್ಚಿಸಿ ಕಾಯಿ ಎಣಿಸಬೇಕು, ಬೋರ್ಡಿನ ಮಡಿಕೆಯನ್ನು ಉಗುರಿನಿಂದ ನೀವಿ ನೋಡಬೇಕು, ದಾಳವನ್ನು ಹತ್ತು ಸಲ ಉರುಳಿಸಬೇಕು. ಕೊನೆಗೆ ಮೂಸಿ ನೋಡಬೇಕು. ಕೊಳ್ಳುವುದಿಲ್ಲ ಅಂತ ಹೊರಗೆ ಬಂದು, ಬೀದಿಯ ತುದಿಯ ತನಕ ನಡೆದು, ಮತ್ತೆ ತಿರುಗಿ ಹೋಗಿ ಕೊಳ್ಳಬೇಕು. "ಮನೇಲಿ ಇಂಥದ್ದೇ ಒಂದು ಇದೆಯಲ್ಲೇ" ಅಂದರೆ, "ಅದು ಕುರಿ ಸಾಕೋದು ಅತ್ತಿಗೆ, ಇದು ಹಸು. ನಿಮಗೆ ಕುರಿಗೂ ಹಸುವಿಗೂ ವ್ಯತ್ಯಾಸ ಗೊತ್ತಾಗಲ್ವಾ?" ಅಂತ ನನಗೇ ತಿರುಗುಬಾಣ.

ಡಬ್ಬಿಗಳು ಪರದೆಯ ಹಿಂದೆ ಗೋಪುರವಾದವು. ಒಂದು ದಿನ ಬೇಕರಿಯವನ ಹೆಂಡತಿ ಹೊಸ ಫ್ರಾಕಿಗೆ ಒಂದು ಕೈ ತೂರಿಸಿ ಇನ್ನೊಂದು ಕೈಗೆ ತೋಳು ಹುಡುಕುತ್ತಿದ್ದಾಗ ಮೊಣಕೈ ತಗುಲಿ ಗೋಪುರ ಬಿತ್ತು. ಆಯಮ್ಮ ಒಂದೇ ತೋಳಿನಲ್ಲಿ ಕೂಗಿಕೊಂಡು ಪರದೆಯಿಂದ ಆಚೆ ಓಡಿಬಂದಾಗ ಎದುರಿಗೆ ನಮ್ಮವರು, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಆಗ ತಾನೇ ಕೆಲಸದಿಂದ ಬಂದವರು.

ನಮ್ಮವರು ಗೋದಾಮಿನಲ್ಲಿ ಸ್ಟೋರ್ ಕೀಪರ್. ಎಣಿಸದೆ ಅವರಿಗೆ ಉಸಿರು ಬಾರದು. ಮೆಟ್ಟಿಲು ಹತ್ತುವಾಗಲೂ ಎಣಿಸುವವರು. ಅವತ್ತು ನೆಲದ ಮೇಲೆ ಬಿದ್ದದ್ದನ್ನು ಎಣಿಸಿ, ತಂಗಿಯ ಕಡೆ ನೋಡಿ ಹೇಳಿದರು:

"ಈ ಮನೇಲಿ ಇಪ್ಪತ್ತು. ಒಂದು ಕಪಾಟು, ಇಪ್ಪತ್ತು ಡಬ್ಬಿ. ಇಪ್ಪತ್ತೊಂದನೇದು ಕಣ್ಣಿಗೆ ಬಿತ್ತೋ, ಎಲ್ಲಾ ಗಾಡಿಗೆ ಹಾಕಿ ಶಾಲೆಗೆ ಕೊಟ್ಟು ಬರ್ತೀನಿ. ಎಲ್ಲಾ ಅಂದ್ರೆ ಎಲ್ಲಾ."

"ಸರಿ ಅಣ್ಣ" ಅಂದಳು. ಅಷ್ಟು ಸುಲಭವಾಗಿ ಸರಿ ಅಂದಾಗಲೇ ಅವರಿಗೆ ಅನುಮಾನ ಬರಬೇಕಿತ್ತು.

ಮೊದಲು ಒಂದು ಡಬ್ಬಿಯಲ್ಲಿ ಎರಡು ಆಟ ತುರುಕಿದಳು. ತಿಂಗಳ ಮೊದಲ ಭಾನುವಾರ ಎಣಿಸಲು ಬಂದ ನಮ್ಮವರು ಒಂದನ್ನು ಎತ್ತಿ, "ಭಾರ ಜಾಸ್ತಿ ಇದೆ" ಅಂದರು. ಮೂಟೆ ಎತ್ತಿ ತೂಕ ಹೇಳುವ ಮನುಷ್ಯ; ಅವತ್ತು ಬಿಚ್ಚಿ ನೋಡಲಿಲ್ಲ, ಆದರೆ ಆ ಮೋಸ ಇನ್ನು ನಡೆಯುವಂತಿರಲಿಲ್ಲ. ಆಗ ಅವಳಿಗೆ ಚೀಲದ ಉಪಾಯ ಹೊಳೆಯಿತು. ಡಬ್ಬಿಯಲ್ಲಿ ಅರ್ಧ ಬರೀ ಗಾಳಿ, ಬೋರ್ಡನ್ನೂ ಕಾಯಿಗಳನ್ನೂ ಚೀಲಕ್ಕೆ ಹಾಕಿದರೆ ಅರ್ಧ ಜಾಗ ಸಾಕು. ಖಾಲಿ ಡಬ್ಬಿ ಏನು ಮಾಡುವುದು? ನಾನಿದ್ದೆನಲ್ಲ. ಅಡುಗೆಮನೆಯ ಹಲಗೆಗಳ ಮೇಲೆ ಹಾಸಿದೆ, ಚಿತ್ರ ಕೆಳಗೆ ಮಾಡಿ. ಮಿಕ್ಕದ್ದು ಒಲೆಗೆ. ಒಂದು ಕೋಟೆ, ಎರಡು ಹಡಗು, ಒಂದು ಇಡೀ ಕಾಡು ನಮ್ಮ ನೀರೊಲೆಯಲ್ಲಿ ಉರಿದು, ನಮ್ಮವರು ಆ ಬಿಸಿನೀರಿನಲ್ಲೇ ಸ್ನಾನ ಮಾಡಿದರು.

ಚೀಲಗಳನ್ನು ಮೇಜಿನ ಕೆಳಗೆ, ಗಿರಾಕಿಗಳ ಬಟ್ಟೆಗಂಟುಗಳ ಜೊತೆ ಇಟ್ಟಳು. ಗಿರಾಕಿಗಳ ಗಂಟನ್ನು ನಮ್ಮವರು ಮುಟ್ಟುತ್ತಿರಲಿಲ್ಲ. ಎಲ್ಲಾ ಸರಿ, ಒಂದು ತಪ್ಪು ಬಿಟ್ಟು. ಆ ಚೀಲಗಳನ್ನು ಹೊಲಿದದ್ದು ಗಿರಾಕಿಗಳ ತುಂಡುಗಳಿಂದಲೇ, ಆಟಕ್ಕೆ ಬರುತ್ತಿದ್ದವರೂ ಆ ಗಿರಾಕಿಗಳೇ! ಭಾನುವಾರ ಮಧ್ಯಾಹ್ನ ಕತ್ತರಿಸುವ ಮೇಜಿನ ಸುತ್ತ ನಾಲ್ಕು ಜನ ಕೂರುತ್ತಿದ್ದರು. ಯಾರ ಬಟ್ಟೆಯಲ್ಲಿ ಯಾವ ಆಟ ಇದೆ ಅಂತ ಅವಳು ತಲೆಯಲ್ಲಿ ಇಟ್ಟುಕೊಂಡಿದ್ದಳು. ಬೇಕರಿಯವಳು ಬಂದ ದಿನ ಹೂವಿನ ಚೀಲ ಹೊರಗೆ ಬರುವಂತಿಲ್ಲ, ಪೋಸ್ಟಿನವನು ಬಂದರೆ ಖಾಕಿಯದು ಬರುವಂತಿಲ್ಲ. ಹೀಗೆ ಎರಡು ವರ್ಷ ನಡೆಯಿತು. ಚೀಲ ಮೂವತ್ತನಾಲ್ಕಾಯಿತು.

ಕೆಡಿಸಿದವಳು ನಾನು. ಒಪ್ಪಿಕೊಳ್ಳುತ್ತೇನೆ.

ಅಷ್ಟು ಆಟಗಳಲ್ಲಿ ನಾನು ಗೆಲ್ಲುತ್ತಿದ್ದದ್ದು ಒಂದೇ, ಜೇನುಹುಳದ ಆಟ. ನಲವತ್ತೆಂಟು ಮರದ ಹುಳಗಳನ್ನು ಗೂಡಿಗೆ ಸೇರಿಸಬೇಕು. ಅದಿದ್ದದ್ದು ಹಸಿರು ಮಖಮಲ್ಲಿನ ಚೀಲದಲ್ಲಿ. ಶಾಲೆಯ ದೊಡ್ಡ ಟೀಚರು ಕೋಟು ಹೊಲಿಸಿದ್ದರು, ಅದರ ಮಿಕ್ಕ ತುಂಡು. ಆ ಭಾನುವಾರ ದೊಡ್ಡ ಟೀಚರೇ ಬಂದಿದ್ದರು. ನನ್ನ ನಾದಿನಿ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಯಾವುದೋ ಅಂಚು ಮಡಿಸುತ್ತಾ, ಕೈಯಲ್ಲೇ ನೀಲಿ ಚೀಲ ತೆಗೆಯಿರಿ ಅಂತ ಸನ್ನೆ ಮಾಡಿದಳು. ನೀಲಿಯಲ್ಲಿದ್ದದ್ದು ಕಳ್ಳನನ್ನು ಹಿಡಿಯುವ ಆಟ. ನನಗೆ ಒಂಬತ್ತು ವಾರದಿಂದ ಒಂದೂ ಗೆಲುವಿಲ್ಲ. ಸನ್ನೆ ಕಾಣದವಳ ಹಾಗೆ ಹಸಿರನ್ನು ಎಳೆದು ಮೇಜಿನ ಮೇಲಿಟ್ಟೆ. ಯಾರ ಕೋಟು ಅನ್ನುವುದು, ಆಣೆ ಮಾಡಿ ಹೇಳುತ್ತೇನೆ, ನನಗೆ ಮರೆತೇ ಹೋಗಿತ್ತು.

ದೊಡ್ಡ ಟೀಚರು ಚೀಲವನ್ನು ಸವರಿದರು. ಮತ್ತೆ ಸವರಿದರು. ಆಮೇಲೆ ತಮ್ಮ ಕೋಟಿನ ತೋಳನ್ನು ಅದರ ಪಕ್ಕಕ್ಕೆ ಇಟ್ಟರು.

"ಕತ್ತರಿ, ಬಟ್ಟೆ ಸಾಲಲಿಲ್ಲ ಅಂತ ನನ್ನ ಕಾಲರಿಗೆ ಕಪ್ಪು ಬಟ್ಟೆ ಹಾಕಿದ್ದೆ ಅಲ್ವಾ?"

ಇವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. ಯೋಚಿಸಲು ಸಮಯ ಬೇಕಾದಾಗ ಹಾಗೇ ಮಾಡುವುದು. "ಕಾಲರಿಗೆ ಅಖಂಡ ತುಂಡು ಬೇಕು ಟೀಚರ್. ಇವು ಚೂರು. ನಾಲ್ಕು ಚೂರು ಸೇರಿಸಿ ಹೊಲಿದದ್ದು. ಒಂದೊಂದೂ ಗೇಣಿಗಿಂತ ಚಿಕ್ಕದು. ಹಲಗೆ ಓದ್ಕೊಳ್ಳಿ."

ದೊಡ್ಡ ಟೀಚರು ಹೆಸರಿಗೆ ದೊಡ್ಡವರು, ಆಳು ಗಿಡ್ಡ, ಕೈ ಮಗುವಿನ ಕೈ. ಅವರು ತಮ್ಮ ಗೇಣು ಹಾಕಿದರು. ಚೂರು ನಾಲ್ಕು ಬೆರಳು ಉಳಿಯಿತು.

"ಎಲ್ಲಿ ಚಿಕ್ಕದು?"

"ನನ್ನ ಗೇಣು ಹಾಕಿ ನೋಡಿ."

"ನಿನ್ನ ಗೇಣು ಅಂತ ಹಲಗೇಲಿ ಬರೆದಿದೆಯಾ?"

"ನಿಮ್ಮದು ಅಂತಲೂ ಬರೆದಿಲ್ಲವಲ್ಲ!"

ಇಬ್ಬರೂ ಕೈ ಅಗಲಿಸಿ ನಿಂತದ್ದು ಕಂಡು ನನಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. ಗಲಾಟೆಗೆ ನಮ್ಮವರು ಒಳಗಿನಿಂದ ಬಂದರು. ಜಗಳದ ವಿಷಯ ಅವರಿಗೆ ಬೇಕಿರಲಿಲ್ಲ. ಅವರ ಕಣ್ಣು ಬಿದ್ದದ್ದು ಚೀಲದ ಬಾಯಿಂದ ಇಣುಕುತ್ತಿದ್ದ ಹುಳದ ಮೇಲೆ. ಬಗ್ಗಿ ಮೇಜಿನ ಕೆಳಗೆ ಕೈ ಹಾಕಿದರು. ಗಂಟುಗಳನ್ನು ಒಂದೊಂದಾಗಿ ಎಳೆದು ಅಲ್ಲಾಡಿಸಿದರು. ಬಟ್ಟೆ ಸದ್ದು ಮಾಡುವುದಿಲ್ಲ, ಇವು ಗಲಗಲ ಅಂದವು.

"ಮೂವತ್ತನಾಲ್ಕು" ಅಂದರು. "ಬರೋ ಭಾನುವಾರ ಗಾಡಿ ತರ್ತೀನಿ."

ಆ ವಾರ ನನ್ನ ನಾದಿನಿ ಪೋಸ್ಟಿನವನ ಅಂಗಿಗೆ ಎಡ ತೋಳನ್ನು ಬಲಕ್ಕೆ ಹೊಲಿದಳು. ಕೆಲಸ ಮುಗಿದ ಮೇಲೆ ಒಂದೊಂದು ಚೀಲ ಬಿಚ್ಚಿ, ಕಾಯಿ ಎಣಿಸಿ, ಒರೆಸಿ, ಎಷ್ಟಿವೆ ಅಂತ ಚೀಲದ ಮೇಲೆ ಬಣ್ಣದ ದಾರದಲ್ಲಿ ಸಂಖ್ಯೆ ಹೊಲಿಯುತ್ತಾ ಕೂತಳು. ಗಂಡನ ಮನೆಗೆ ಕಳಿಸುವ ಹೆಣ್ಣುಮಕ್ಕಳಿಗೆ ತಲೆ ಬಾಚಿದ ಹಾಗೆ. ನನಗೆ ಊಟ ಸೇರಲಿಲ್ಲ. "ರೀ, ಬಿಡಿ, ಇರಲಿ" ಅಂದೆ. "ಮಾತು ಅಂದ್ರೆ ಮಾತು" ಅಂದರು. ಅವರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಅದು ಬೇರೆ.

ಭಾನುವಾರ ಗೋದಾಮಿನ ತಳ್ಳುಗಾಡಿ ಬಾಗಿಲಿಗೆ ಬಂತು. ದೊಡ್ಡ ಟೀಚರನ್ನೂ ಕರೆಸಿದ್ದರು, ಶಾಲೆಯ ಪರವಾಗಿ ತೆಗೆದುಕೊಳ್ಳಲಿ ಅಂತ. ನನ್ನ ನಾದಿನಿ ಮೊದಲು ಹಸಿರು ಚೀಲವನ್ನೇ ಅವರ ಕೈಗೆ ಕೊಟ್ಟಳು. "ನಲವತ್ತೆಂಟು ಹುಳ ಇವೆ. ನೆಂದರೆ ಬಣ್ಣ ಬಿಡುತ್ತೆ. ಮಕ್ಕಳಿಗೆ ಹೇಳಿ" ಅಂದಳು.

ದೊಡ್ಡ ಟೀಚರು ಚೀಲ ನೋಡಿದರು, ಗಾಡಿ ನೋಡಿದರು, ನಮ್ಮವರನ್ನು ನೋಡಿದರು.

"ಸ್ಟೋರಿನವರೇ, ನನ್ನ ಶಾಲೆ ಮಕ್ಕಳನ್ನ ನೀವು ನೋಡಿದ್ದೀರಾ? ಬುಧವಾರದೊಳಗೆ ಈ ನಲವತ್ತೆಂಟರಲ್ಲಿ ಅರ್ಧ ಮೂಗಿನೊಳಗೆ ಇರುತ್ತವೆ. ನಾನು ಅವರನ್ನ ಡಾಕ್ಟರ ಹತ್ತಿರ ಹೊತ್ಕೊಂಡು ಓಡ್ಲಾ? ಶಾಲೆಗೆ ಬೇಡ."

"ಮನೇಲಿ ಇಪ್ಪತ್ತು ಅಂತ ನಾನು ಮಾತು..."

"ನಿಮ್ಮ ಮನೇಲಿ ಇಪ್ಪತ್ತೇ ಇರಲಿ, ಯಾರು ಬೇಡ ಅಂದ್ರು? ಇದು ನನ್ನ ಬಟ್ಟೆ. ನನ್ನ ಮನೇಲಿ ಇರುತ್ತೆ. ಒಳಗಿರೋದೂ ಜೊತೆಗೆ ಇರುತ್ತೆ. ಭಾನುವಾರದ ಆಟದಲ್ಲಿ ನಿಮ್ಮ ತಂಗಿ ಕೈಲಿ ಹನ್ನೊಂದು ಸಲ ಸೋತಿದ್ದೀನಿ. ಇದನ್ನಾದ್ರೂ ಮನೇಲಿ ಕೂತು ಅಭ್ಯಾಸ ಮಾಡ್ಬೇಕು."

ನನ್ನ ನಾದಿನಿಯ ಮುಖ ಒಂದು ಕ್ಷಣ ಅರಳಿ, ತಕ್ಷಣ ಗಂಟಾಯಿತು. "ಕೊಡಲ್ಲ! ಕಾಯಿ ಕಳೀತೀರಿ."

"ಗಾಡಿಗೆ ಹಾಕಲಾ?" ಅಂದರು ನಮ್ಮವರು.

ಅವಳು ಗಾಡಿಯನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದಳು. ಟೇಪನ್ನು ಕುತ್ತಿಗೆಯಿಂದ ತೆಗೆದು ಮತ್ತೆ ಹಾಕಿಕೊಂಡಳು. "ಆಯ್ತು. ಆದ್ರೆ ಒಂದು ಷರತ್ತು. ಭಾನುವಾರ ಕರೆದಾಗ ಚೀಲ ಬರ್ಬೇಕು. ಒಂದು ಕಾಯಿ ಕಡಿಮೆ ಇದ್ರೆ, ನಿಮ್ಮ ಮುಂದಿನ ಬಟ್ಟೆಗೆ ಒಂದು ಗುಂಡಿ ಕಡಿಮೆ. ಕಾಯಿ ಸಿಗೋ ತನಕ."

ಸಂಜೆಯೊಳಗೆ ಮೂವತ್ತನಾಲ್ಕೂ ಮನೆ ಸೇರಿದವು. ಹೂವಿನದು ಬೇಕರಿಗೆ, ಖಾಕಿ ಪೋಸ್ಟಿನವನಿಗೆ, ಯಾರ ಬಟ್ಟೆಯೋ ಅವರಿಗೆ. ತುಂಡು ಕದ್ದಳು ಅಂತ ಬೈಯಲು ಬಂದವರೆಲ್ಲ ಚೀಲ ಅವುಚಿಕೊಂಡು ಹೋದರು. ಗಾಡಿ ಖಾಲಿ ಗೋದಾಮಿಗೆ ಮರಳಿತು. ಮುಂದಿನ ತಿಂಗಳು ನಮ್ಮವರು ಕಪಾಟು ಎಣಿಸಿದರು, ಇಪ್ಪತ್ತು. ಮೇಜಿನ ಕೆಳಗೆ ಬಗ್ಗಿದರು, ಬರೀ ಬಟ್ಟೆ. ಇವಳೋ, ಜಾಗ ಆಯಿತಲ್ಲ ಅಂತ ಶನಿವಾರ ತಪ್ಪದೆ ಬೊಂಬೆ ಅಂಗಡಿಗೆ ಹೋದಳು. ಹೊಸ ಗಿರಾಕಿ ಬಂದರೆ ಮೊದಲು ಅವರ ಬಟ್ಟೆಯ ಅಗಲ ನೋಡುತ್ತಿದ್ದಳು, ಚೀಲಕ್ಕೆ ಆದೀತಾ ಅಂತ.

ಗುಂಡಿಯ ಷರತ್ತು ಮಾತ್ರ ತಮಾಷೆಯಾಗಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಕಾಯಿ ಕಳೆದಿದೆ ಅಂತ ಎದೆ ನೋಡಿಯೇ ಹೇಳಬಹುದಿತ್ತು. ಪೋಸ್ಟಿನವನಂತೂ ಎರಡು ಗುಂಡಿ ಇಲ್ಲದೆ, ಪತ್ರದ ಚೀಲವನ್ನು ಎದೆಗೆ ಅಡ್ಡ ಹಿಡಿದೇ ಓಡಾಡುತ್ತಿದ್ದ.

ಎರಡನೇ ವರ್ಷ ಕಪಾಟಿನಿಂದ ಹಡಗಿನ ಆಟ ಕಾಣೆಯಾಯಿತು. ಹತ್ತೊಂಬತ್ತೇ ಡಬ್ಬಿ. ವಾರದ ಮೇಲೆ ತಾನಾಗಿ ವಾಪಸ್ ಬಂತು, ಒಂದು ಹಡಗು ಕಡಿಮೆ. ನನ್ನ ನಾದಿನಿ ಮೂಸಿ ನೋಡಿದಳು. "ಗೋದಾಮಿನ ವಾಸನೆ" ಅಂದಳು. ನಮ್ಮವರು ಊಟದ ಬಿಡುವಿನಲ್ಲಿ ಕಾವಲುಗಾರನ ಜೊತೆ ಆಡಿದ್ದರು! ಅವಳು ಜಗಳ ಆಡಲಿಲ್ಲ. ಅಣ್ಣನಿಗೆ ಹೊಸ ಅಂಗಿ ಹೊಲಿದುಕೊಟ್ಟಳು. ಮೂರನೇ ಗುಂಡಿ ಇಲ್ಲ, ಸರಿಯಾಗಿ ಹೊಟ್ಟೆಯ ಮೇಲೆ.

ಅವರು ಪಿನ್ನು ಹಾಕಿಕೊಂಡು ಕೆಲಸಕ್ಕೆ ಹೋದರು. ವಾರವಾದ ಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ, "ನೀನೇ ಒಂದು ಗುಂಡಿ ಹಾಕಿಕೊಡೇ" ಅಂದರು.

"ಅಯ್ಯೋ, ಅವಳ ಹೊಲಿಗೆಗೆ ನಾನು ಕೈ ಹಾಕೋದೇ? ಹಡಗು ಹುಡುಕಿ."

ಹಡಗು ನನಗೆ ಸಿಕ್ಕಿ ಆಗಲೇ ಐದು ದಿನವಾಗಿತ್ತು. ಒಗೆಯುವಾಗ ಅವರ ಪ್ಯಾಂಟಿನ ಜೇಬಿನಲ್ಲೇ ಇತ್ತು. ಒಣಗಿಸಿ ನಾದಿನಿಗೆ ಕೊಟ್ಟಿದ್ದೆ. ಅವಳು ಅದನ್ನು ಡಬ್ಬಿಯ ತಳಕ್ಕೆ ಸೇರಿಸಿ, "ಅಣ್ಣನಿಗೆ ಯಾವಾಗ ಹೇಳೋಣ ಅತ್ತಿಗೆ?" ಅಂದಿದ್ದಳು.

"ಅವರೇ ಡಬ್ಬಿ ಬಿಚ್ಚಿ ಹಡಗು ಎಣಿಸಿದಾಗ ಗೊತ್ತಾಗುತ್ತೆ ಬಿಡು" ಅಂದಿದ್ದೆ.

ಮೆಟ್ಟಿಲು ಎಣಿಸುವ ಮನುಷ್ಯ ಹಡಗು ಎಣಿಸಲು ಹನ್ನೊಂದು ತಿಂಗಳು ತೆಗೆದುಕೊಂಡರು. ಅಷ್ಟು ದಿನವೂ ಪಿನ್ನೇ.