ಸೈಲೆನ್ಸರಿನ ಸದ್ದು

ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯವರು ಸೈನ್ಯದಿಂದ ನಿವೃತ್ತರಾದವರು. ಯಾರೇನು ಹೇಳಿದರೂ ಅಂಗೈ ಅಡ್ಡಡ್ಡ ಆಡಿಸಿ, “ಅಂಗಿರಲ್ಲ ಕಣ್ರೀ” ಎನ್ನುತ್ತಿದ್ದರು. ಒಂದು ಭಾನುವಾರ ನಮ್ಮ ಮನೆಯಲ್ಲಿ ಕೂತು ಟೀವಿಯಲ್ಲಿ ಸಿನಿಮಾ ನೋಡುತ್ತಿದ್ದರು. ನಾಯಕ ಸೈಲೆನ್ಸರ್ ಹಾಕಿದ ಪಿಸ್ತೂಲಿನಿಂದ ಗುಂಡು ಹಾರಿಸಿದ. ‘ಪುಸ್’ ಎಂದಷ್ಟೇ ಸದ್ದಾಯಿತು. ಪಕ್ಕದ ಕೋಣೆಯಲ್ಲಿದ್ದವರಿಗೂ ಎಚ್ಚರವಾಗಲಿಲ್ಲ.

“ನಿಜವಾಗ್ಲೂ ಇಷ್ಟೇನಾ ಸದ್ದು, ಅಂಕಲ್?” ಕಾಲೇಜಿಗೆ ಹೋಗುವ ನನ್ನ ಮಗಳು ಕೇಳಿದಳು.

ಅವರು ಎದ್ದು ಹೋಗಿ ಮುಂಬಾಗಿಲನ್ನು ಬಲವಾಗಿ ಬಡಿದರು. ಅಡುಗೆಮನೆಯಿಂದ ನನ್ನ ಹೆಂಡತಿ ಗಾಬರಿಯಾಗಿ ಓಡಿಬಂದಳು.

“ಇದಕ್ಕಿಂತ ಜೋರು ಕಣಮ್ಮ. ಸೈಲೆನ್ಸರ್ ಸದ್ದು ಕಮ್ಮಿ ಮಾಡ್ತದೆ, ಪೂರ್ತಿ ಅಡಗಿಸಲ್ಲ. ಒಂದ್ಸಲ ನಾನು ಒಬ್ಬನಿಗೆ ಹೊಡೆದಾಗ, ಒಳಗೆ ಮಲಗಿದ್ದ ಅವನ ಮಗು ಎದ್ಬುಟ್ಟು ಅಳ್ತಾ ಬಂತು.”

ಅವರು ಕಿವಿಯ ಮಷೀನು ಕಳಚಿ ಜೇಬಿಗೆ ಹಾಕಿಕೊಂಡರು.

“ಇದನ್ನ ತೆಗೆದ್ರೂ ಆ ಅಳು ಕೇಳಿಸ್ತದೆ” ಎಂದರು.